ಇವರಿಬ್ಬರೂ ಒಬ್ಬರೇ?

ಕಂಪ್ಯೂಟರಿನಲ್ಲಿ ದೆವ್ವ ಇರುವುದಿಲ್ಲ, ಇರುವುದು ನಮ್ಮ ಅವಸರ ಮಾತ್ರ ಎಂದು ನಾನು ಬಹಳ ಜನಕ್ಕೆ ಹೇಳಿದ್ದೇನೆ. ಬರೆದ ಫೈಲು ತಾನಾಗಿ ಮಾಯವಾಯಿತು ಎಂದು ಅಳುಮುಖ ಮಾಡಿಕೊಂಡು ಬಂದವರಿಗೆ ಅದನ್ನು ಬೇರೆ ಫೋಲ್ಡರಿನಲ್ಲಿ ತೋರಿಸಿಕೊಟ್ಟಿದ್ದೇನೆ. ಬಾಣದ ಗುರುತು ತನ್ನಷ್ಟಕ್ಕೆ ಓಡಾಡುತ್ತದೆ ಎಂದವರ ಮೌಸಿನ ಕೆಳಗಿದ್ದ ಗಾಜು ಸರಿಸಿ ರಟ್ಟು ಇಟ್ಟುಕೊಟ್ಟಿದ್ದೇನೆ. ಕಾರಣ ಸಿಗದಿದ್ದಾಗಲೂ, ಕಾರಣ ಇದ್ದೇ ಇದೆ, ನನಗೆ ತಿಳಿದಿಲ್ಲ ಅಷ್ಟೆ ಎಂದು ಸುಮ್ಮನಾಗುತ್ತಿದ್ದೆ. ಈಗ ಹೇಳಹೊರಟಿರುವ ಸಂಗತಿಗೂ ಹಾಗೆ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅದರಿಂದ ಒಬ್ಬ ಹೆಂಗಸಿನ ಬದುಕು ಒಂದು ಕಡೆಗೆ ವಾಲಿತು. ವಾಲಿಸಿದವರಲ್ಲಿ ನಾನೂ ಒಬ್ಬಳು.

ಓದುವವರಿಗೆ ಇನ್ನೊಂದು ಮಾತು. ಇದನ್ನು ನಾನು ಈಗಾಗಲೇ ಹಲವರ ಮುಂದೆ ಹೇಳಿಯಾಗಿದೆ. ಹೇಳಿದ ಹಾಗೆಲ್ಲ ಇದು ನುಣುಪಾಗುತ್ತ ಬಂದಿದೆ. ಮೊದಲ ಸಲ ಹೇಳಿದಾಗ ಇದರಲ್ಲಿ ಮೋಡ ಇರಲಿಲ್ಲ; ಈಚೆಗೆ ಯಾರಿಗೋ ಹೇಳುವಾಗ ನನ್ನ ಬಾಯಿಂದಲೇ ಮೋಡ ಕವಿದು ಗಾಳಿ ಬೀಸಿತು. ಕೇಳುವವರ ಮುಖ ನೋಡಿಕೊಂಡು ನೆನಪು ತನ್ನನ್ನು ತಿದ್ದಿಕೊಳ್ಳುತ್ತದೆ. ಹಾಗಾಗಿ ನನಗೆ ಖಾತ್ರಿ ಇಲ್ಲದ ಕಡೆ ಖಾತ್ರಿ ಇಲ್ಲ ಎಂದೇ ಬರೆಯುತ್ತೇನೆ. ಅದರಿಂದ ಕಥೆ ಕೆಟ್ಟರೆ ಕೆಡಲಿ.

ನಾನು ಹಾನಗಲ್ಲಿನ ಒಂದು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುತ್ತೇನೆ. ಮನೆಯ ಪಕ್ಕದ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್ ಇದೆ. ಅದನ್ನು ಬಿಚ್ಚುವುದು, ಜೋಡಿಸುವುದು, ಒಂದು ವ್ಯವಸ್ಥೆ ಕಿತ್ತು ಇನ್ನೊಂದು ಹಾಕುವುದು, ಪರದೆಯ ಮೇಲಿನ ಗುಂಡಿಗಳ ಜಾಗ ಬದಲಿಸುವುದು, ಫೋಲ್ಡರಿನ ಚಿತ್ರಗಳನ್ನು ನಾನೇ ಬರೆದು ಕೂರಿಸುವುದು ನನ್ನ ಚಟ. ಕೆಲಸಕ್ಕೆ ಬಾರದ ಚಟ ಎಂದು ನಮ್ಮ ಮನೆಯವರ ಅಭಿಪ್ರಾಯ. ಅವರದು ಗೊಬ್ಬರದ ಅಂಗಡಿ. ಬೆಳಿಗ್ಗೆ ಏನಾದರೂ ನೋಡಲು ಬಂದು ಕೂತರೆ ಅವರಿಗೆ ನಿನ್ನೆಯ ಗುಂಡಿ ಇವತ್ತು ಸಿಗುವುದಿಲ್ಲ.

"ದಿನಾ ಒಂದೊಂದ ಕಡೆ ಒಲಿ ಹಾಕಿದ್ರ ಅಡಗಿ ಹೆಂಗ ಆಕ್ಕೈತಿ?" ಎನ್ನುತ್ತಾರೆ.

"ಅಡಗಿ ನೀವ ಮಾಡೂದಾದ್ರ ಹೇಳ್ರಿ, ಒಲಿ ಇದ್ದಲ್ಲೇ ಇಡತೇನಿ" ಎನ್ನುತ್ತೇನೆ.

ಆ ವರ್ಷ ನಾನು ಫೋಟೋ ಜೋಡಿಸಿಡುವ ಒಂದು ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಂಡಿದ್ದೆ. ಇಂಟರ್ನೆಟ್ ಇಲ್ಲದೆ ಮನೆಯ ಕಂಪ್ಯೂಟರಿನೊಳಗೇ ಕೆಲಸ ಮಾಡುವಂಥದ್ದು. ಅದಕ್ಕೆ ಕನ್ನಡ ಇರಲಿಲ್ಲ. ಬೇಸಿಗೆ ರಜೆಯಲ್ಲಿ ಕೂತು ಅದರ ಒಂದೊಂದು ಗುಂಡಿಗೂ ನಾನೇ ಕನ್ನಡದ ಮಾತು ಹುಡುಕಿ ಹಾಕಿದ್ದೆ. ಅದು ಫೋಟೋಗಳಲ್ಲಿರುವ ಮುಖಗಳನ್ನೆಲ್ಲ ಕತ್ತರಿಸಿ ತೆಗೆದು, ಒಬ್ಬೊಬ್ಬರದನ್ನು ಒಂದೊಂದು ಗುಂಪು ಮಾಡುತ್ತದೆ. ಅನುಮಾನ ಬಂದರೆ ಎರಡು ಮುಖಗಳನ್ನು ಪಕ್ಕಪಕ್ಕದಲ್ಲಿಟ್ಟು ಕೇಳುತ್ತದೆ: ಇವರಿಬ್ಬರೂ ಒಬ್ಬರೇ? ಕೆಳಗೆ ಮೂರು ಗುಂಡಿ. ಹೌದು, ಅಲ್ಲ, ಗೊತ್ತಿಲ್ಲ. ಹೌದು ಎಂದರೆ ಎರಡೂ ಒಂದೇ ಗುಂಪಿಗೆ ಸೇರುತ್ತವೆ. ಅಲ್ಲ ಎಂದರೆ ಬೇರೆಯಾಗುತ್ತವೆ. ಗೊತ್ತಿಲ್ಲ ಎಂದರೆ ಸದ್ಯಕ್ಕೆ ಬಿಟ್ಟು, ಇನ್ನೊಂದು ದಿನ ಮತ್ತೆ ಅದನ್ನೇ ಕೇಳುತ್ತದೆ. ಒಮ್ಮೆ ಅದು ನಮ್ಮ ಅತ್ತೆಯವರನ್ನೂ ಊರ ಗುಡಿಯ ಕಂಬದ ಮೇಲಿನ ಒಂದು ಕಲ್ಲಿನ ಮುಖವನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿತ್ತು. "ಹೌದು ಒತ್ತು, ನಾ ಯಾರಿಗೂ ಹೇಳೂದಿಲ್ಲ" ಎಂದು ನಮ್ಮ ಮನೆಯವರು ಬಾಗಿಲ ಕಡೆ ನೋಡಿಕೊಂಡು ಮೆಲ್ಲಗೆ ನಕ್ಕಿದ್ದರು. ಈ ಸಂಗತಿ ನಡೆಯುವತನಕ ಆ ಪ್ರಶ್ನೆ ನಮಗೆ ಆಟವಾಗಿತ್ತು.

ನಮ್ಮ ಹಿಂದಿನ ಓಣಿಯಲ್ಲಿ ಶಾಂತಕ್ಕ ಇದ್ದಾಳೆ. ಅವಳ ಗಂಡ ಈರಪ್ಪ ವೀಳ್ಯದೆಲೆ ವ್ಯಾಪಾರ ಮಾಡುತ್ತಿದ್ದ. ಸವಣೂರಿನ ತೋಟಗಳಿಂದ ಎಲೆ ತಂದು ಹಾನಗಲ್ಲಿನ ಅಂಗಡಿಗಳಿಗೂ ಹಿರೇಕೆರೂರಿಗೂ ಮುಟ್ಟಿಸುತ್ತಿದ್ದ. ಮಗಳು ರೇಣುಕಾ ಕನ್ನಡ ಸಾಲೆಗೆ ಹೋಗುತ್ತಿದ್ದಾಗ ಒಂದು ದಿನ ಎಲೆಯ ಪೆಂಡಿ ಹೊತ್ತು ಹಿರೇಕೆರೂರಿನ ಬಸ್ಸು ಹತ್ತಿದವನು ತಿರುಗಿ ಬರಲಿಲ್ಲ. ಪೆಂಡಿ ಅಂಗಡಿಗೆ ಮುಟ್ಟಿತ್ತು. ಚಹಾ ಕುಡಿದು ಎದ್ದು ಹೋದ ಎಂದು ಅಂಗಡಿಯವನು ಹೇಳಿದ. ಅಷ್ಟೇ. ಜಗಳ ಇರಲಿಲ್ಲ, ಕುಡಿತ ಇರಲಿಲ್ಲ. ಆಡೂರಿನಲ್ಲಿರುವ ಅವನ ಅಣ್ಣ ಬಸಣ್ಣೆಪ್ಪ ಎಲ್ಲೆಲ್ಲಿ ಹುಡುಕಿದ ಎಂದು ಹೇಳುವುದೇ ಕಷ್ಟ. ಮಠಗಳು, ಆಸ್ಪತ್ರೆಗಳು, ಹೆಸರಿಲ್ಲದ ಹೆಣ ಇಡುವ ಕೋಣೆಗಳು, ಎಲ್ಲ ಕಡೆ ಹೋಗಿ ಬಂದ. ಶಾಂತಕ್ಕ ಗಂಡನ ವ್ಯಾಪಾರವನ್ನು ತಾನೇ ಹಿಡಿದಳು. ಹಣೆಯ ಕುಂಕುಮ ಹಾಗೇ ಇಟ್ಟುಕೊಂಡಳು. ವರ್ಷಗಳು ಹೋದ ಮೇಲೆ ಜನ ಕೇಳುವುದನ್ನು ಬಿಟ್ಟರು.

ರೇಣುಕಾಳ ಮದುವೆ ಶಿಗ್ಗಾಂವಿಯ ಹುಡುಗನೊಂದಿಗೆ ಗೊತ್ತಾದಾಗ ಆ ಮುಚ್ಚಿದ ಪ್ರಶ್ನೆ ಮತ್ತೆ ತೆರೆಯಿತು. ನಮ್ಮ ಕಡೆ ಮದುವೆಗೆ ಮುಂಚೆ ಸುರಗಿ ಎಂಬ ಶಾಸ್ತ್ರ ಇದೆ. ನಾಲ್ಕು ಮೂಲೆಗೆ ತಂಬಿಗೆ ಇಟ್ಟು, ಸುತ್ತ ನೂಲು ಸುತ್ತಿ, ನಡುವೆ ಮದುಮಗಳನ್ನು ಕೂರಿಸಿ ಅರಿಷಿಣ ಹಚ್ಚಿ ನೀರು ಹಾಕುವುದು. ಮುತ್ತೈದೆಯರೇ ಮಾಡಬೇಕು. ಹುಡುಗನ ಸೋದರತ್ತೆ ಒಳ್ಳೆಯ ಮಾತಿನಲ್ಲೇ ಕೇಳಿದಳಂತೆ, ಸುರಗಿಯಲ್ಲಿ ಹುಡುಗಿಯ ತಾಯಿ ಕೂಡುತ್ತಾಳೋ ಇಲ್ಲವೋ, ಮದುವೆ ಕಾರ್ಡಿನಲ್ಲಿ ತಂದೆಯ ಹೆಸರಿಗೆ ಮೊದಲು ಏನು ಬರೆಸುತ್ತೀರಿ ಎಂದು. ಶ್ರೀ ಎಂದೋ, ದಿವಂಗತ ಎಂದೋ. ಎರಡರ ನಡುವಿನ ಮಾತು ಕಾರ್ಡಿನಲ್ಲಿ ಇರುವುದಿಲ್ಲ.

ಮದುವೆಯ ಹಾಲಿನಲ್ಲಿ ಪರದೆಯ ಮೇಲೆ ತೋರಿಸಲು ಎರಡೂ ಮನೆಯ ಫೋಟೋಗಳನ್ನು ಜೋಡಿಸಿಕೊಡುತ್ತೇನೆ ಎಂದು ನಾನು ರೇಣುಕಾಗೆ ಮಾತು ಕೊಟ್ಟಿದ್ದೆ. ಅವಳು ನನ್ನ ಕೈಯಲ್ಲಿ ಕಲಿತ ಹುಡುಗಿ. ಬಸಣ್ಣೆಪ್ಪ ಒಂದು ದಿನ ನಮ್ಮ ಮನೆಗೆ ಬಂದ.

"ಅಕ್ಕೋರ, ಮೊದಲ ನಮ್ಮ ತಮ್ಮನ ಫೋಟೋ ಬರ್ಲಿ. ಹಾರಾ ಹಾಕಿದಂಗ ಮಾಡಾಕ ಬರ್ತೈತೆಲ್ರಿ ಇದರಾಗ? ಹಂಗ ಮಾಡ್ರಿ. ಮಂದಿ ನೋಡಿ ತಿಳ್ಕೊಂತಾರ, ನಾವು ಬಾಯಿಬಿಟ್ಟ ಹೇಳೂದ ತಪ್ಪತೈತಿ."

ಅವನೇ ಮುಂದುವರಿದ.

"ನಾ ಕೆಟ್ಟಾವಲ್ರಿ. ಎಷ್ಟ ವರ್ಷ ಅಂತ ಆಕಿ ಹೊಸ್ತಲದ ಮ್ಯಾಲ ನಿಂದರೂದು? ಒಳಗರ ಬರ್ಲಿ, ಹೊರಗರ ಹೋಗ್ಲಿ."

ಮರುದಿನ ಶಾಂತಕ್ಕ ಬಂದಳು. ಎಲೆಯ ಕಟ್ಟೊಂದನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ ಹೇಳಿದಳು.

"ಭಾವಾರು ಹೇಳ್ಯಾರಂತ ಹಾರಾ ಹಾಕಬ್ಯಾಡ್ರಿ ಅಕ್ಕೋರ. ಹಾಕಿದ ಮ್ಯಾಲ ತಗ್ಯಾಕ ಬರ್ತೈತೇನ್ರಿ?"

"ಬರ್ತೈತಿ ಶಾಂತಕ್ಕ. ಯಾವಾಗ ಬೇಕಾದ್ರೂ ತಗೀಬೋದು."

"ಮಂದಿ ಕಣ್ಣಾಗಿಂದ ತಗ್ಯಾಕ ಬರ್ತೈತೇನು ಅಂತ ಕೇಳೇನ್ರಿ."

ಅದಕ್ಕೆ ನನ್ನಲ್ಲಿ ಗುಂಡಿ ಇರಲಿಲ್ಲ. ಮೊದಲು ಉಳಿದವರ ಫೋಟೋ ಮುಗಿಸುತ್ತೇನೆ, ಆಮೇಲೆ ನೋಡೋಣ ಎಂದು ಇಬ್ಬರಿಗೂ ಹೇಳಿ ದಿನ ತಳ್ಳಿದೆ. ಕಾರ್ಡಿನ ಕರಡು ಪ್ರೆಸ್ಸಿಗೆ ಹೋಗಬೇಕಾಗಿತ್ತು. ಶಿಗ್ಗಾಂವಿಯಿಂದ ಫೋನು ಬರುತ್ತಿತ್ತು. ಹೆಚ್ಚು ತಳ್ಳಲು ಆಗುವಂತಿರಲಿಲ್ಲ.

ಆ ರವಿವಾರ ಮಧ್ಯಾಹ್ನ ರೇಣುಕಾ ಬಂದಳು. ಮನೆಯ ಆಲ್ಬಮ್ಮಿನ ಹಳೆಯ ಫೋಟೋಗಳನ್ನು ನಾನು ಮೊದಲೇ ಸ್ಕ್ಯಾನ್ ಮಾಡಿಟ್ಟಿದ್ದೆ. ನಿಶ್ಚಯ ಕಾರ್ಯ ಅವರ ಮನೆಯಲ್ಲೇ ಆಗಿತ್ತು. ಅವತ್ತು ಇಬ್ಬರು ಕ್ಯಾಮೆರಾದಲ್ಲಿ ಫೋಟೋ ತೆಗೆದಿದ್ದರು. ಅವನ್ನು ರೇಣುಕಾ ಹಿಂದಿನ ವಾರವೇ ಎರಡು ಸಲ ಬಂದು ನನ್ನ ಕಂಪ್ಯೂಟರಿಗೆ ತುಂಬಿ ಹೋಗಿದ್ದಳು. ನಾನು ಮುಖಗಳ ಪುಟ ತೆರೆದೆ. ಸಾಫ್ಟ್‌ವೇರ್ ಪ್ರಶ್ನೆ ಕೇಳತೊಡಗಿತು. ಇದು ರೇಣುಕಾಳೇ? ಹೌದು. ಇದು ಅವಳ ದೊಡ್ಡಪ್ಪನ ಮಗನೇ? ಅಲ್ಲ. ಅವಳು ಚಹಾ ಕುಡಿಯುತ್ತ, ಯಾರ ಮೂಗು ಯಾರಿಗೆ ಬಂದಿದೆ ಎಂದು ನಗುತ್ತ ಕೂತಿದ್ದಳು.

ಆಮೇಲೆ ಬಂದದ್ದು ಆ ಜೋಡಿ.

ಎಡಗಡೆ ಈರಪ್ಪ. ಮದುವೆಯಾದ ಹೊಸದರಲ್ಲಿ ಸ್ಟುಡಿಯೋದಲ್ಲಿ ತೆಗೆಸಿದ್ದು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿದ ಹುಡುಗ. ಬಲಗಡೆ ಒಬ್ಬ ಮುದುಕ. ನೆರೆತ ಕುರುಚಲು ಗಡ್ಡ. ತಲೆಗೆ ಸುತ್ತಿದ ಟವಲಿನ ಅಂಚು ಹಣೆಯ ಮೇಲೆ ಇಳಿದಿತ್ತು. ಹಿಂದಿನಿಂದ ಬೆಳಕು ಬಿದ್ದು ಮುಖ ಅರ್ಧ ಕಪ್ಪಾಗಿತ್ತು. ಆದರೆ ಕಣ್ಣು ನೇರವಾಗಿ ನಮ್ಮನ್ನೇ ನೋಡುತ್ತಿತ್ತು. ಕೆಳಗೆ ನಾನೇ ಬರೆದ ಸಾಲು: ಇವರಿಬ್ಬರೂ ಒಬ್ಬರೇ?

ಮುಖ ಬರೆಯುವವರು ಕಣ್ಣು ಮೂಗಿಗಿಂತ ಕಿವಿಯನ್ನು ಹೆಚ್ಚು ನಂಬುತ್ತಾರೆ. ವಯಸ್ಸಾದರೆ ಕಿವಿ ಜೋಲುತ್ತದೆ, ಒಳಗಿನ ಮಡಿಕೆ ಬದಲಾಗುವುದಿಲ್ಲ. ನಾನು ಎರಡೂ ಕಿವಿಗಳನ್ನು ನೋಡಿದೆ. ಎರಡರ ಮಡಿಕೆಯೂ ಒಂದೇ. ಇಲ್ಲೇ ಒಂದು ಅನುಮಾನ ಬರೆದಿಡಬೇಕು. ಹಾರದ ತಕರಾರು ನನ್ನ ತಲೆಯ ಮೇಲೆ ಕೂತಿತ್ತು. ಅದರಿಂದ ಪಾರಾಗಲು ನನ್ನ ಕಣ್ಣು ತನಗೆ ಬೇಕಾದ ಕಿವಿಯನ್ನೇ ನೋಡಿರಬಹುದು.

"ಇವರು ಯಾರ್ರಿ ಅಕ್ಕೋರ?" ಎಂದಳು ರೇಣುಕಾ.

"ನಿಮ್ಮ ಮನಿ ಕಾರ್ಯಕ್ಕ ಬಂದಿರಬೇಕು, ನನ್ನ ಕೇಳ್ತಿಯಲ್ಲ."

"ಬಂದಿದ್ದಿಲ್ರಿ. ಇಂಥವ್ರು ಯಾರೂ ಬಂದಿದ್ದಿಲ್ಲ" ಎಂದವಳು ಎಡಗಡೆಯ ಮುಖ ನೋಡಿದಳು. ಚಹಾದ ಕಪ್ಪನ್ನು ಕೆಳಗಿಡಲು ಜಾಗ ಹುಡುಕುತ್ತಿದ್ದಳು. ಮೇಜು ಅವಳ ಮುಂದೆಯೇ ಇತ್ತು.

ಮುಖದ ಮೇಲೆ ಒತ್ತಿದರೆ ಅದು ಯಾವ ಫೋಟೋದಿಂದ ಬಂದದ್ದು ಎಂದು ತೋರಿಸುತ್ತದೆ. ಒತ್ತಿದೆ. ನಿಶ್ಚಯದ ದಿನದ ಫೋಟೋ ತೆರೆಯಿತು. ಚಾಪೆಯ ಮೇಲೆ ರೇಣುಕಾ ಮತ್ತು ಹುಡುಗ, ನಡುವೆ ಸಕ್ಕರೆಯ ತಟ್ಟೆ. ಹಿಂದೆ ತೆರೆದ ಬಾಗಿಲು, ಮಾವಿನೆಲೆಯ ತೋರಣ, ಆಚೆ ಬಿಸಿಲಿನ ಓಣಿ. ಬಾಗಿಲಿನಲ್ಲಿ ಯಾರೂ ಇರಲಿಲ್ಲ. ದೊಡ್ಡದು ಮಾಡಿ ನೋಡಿದೆ. ಬಾಗಿಲ ಚೌಕಟ್ಟಿನ ಬಣ್ಣದ ಬಿರುಕು ಕಾಣುವಷ್ಟು ದೊಡ್ಡದು ಮಾಡಿದೆ. ಖಾಲಿ. ಹಿಂದಕ್ಕೆ ಹೋದೆ. ಮುದುಕ ಅಲ್ಲೇ ಇದ್ದ, ನಮ್ಮನ್ನು ನೋಡುತ್ತ.

ನಾನು ಹೆದರುವ ಬದಲು ಲೆಕ್ಕ ಹಾಕತೊಡಗಿದೆ; ಅದೂ ಹೆದರಿಕೆಯ ಒಂದು ಬಗೆ ಎಂದು ಈಗ ಅನಿಸುತ್ತದೆ. ಕ್ಯಾಮೆರಾಗಳು ಫೋಟೋಗಳಿಗೆ ತಾವೇ ಹೆಸರಿಡುತ್ತವೆ, ಎರಡು ಕ್ಯಾಮೆರಾ ಒಂದೇ ಹೆಸರು ಇಡಬಹುದು. ರೇಣುಕಾ ಮೊದಲ ಸಲ ಒಂದು ಕ್ಯಾಮೆರಾದ ಫೋಟೋ ತುಂಬಿ ಹೋದ ಮೇಲೆ ಸಾಫ್ಟ್‌ವೇರ್ ಅದರಲ್ಲಿನ ಮುಖಗಳನ್ನು ಕತ್ತರಿಸಿ ಇಟ್ಟುಕೊಂಡಿರಬೇಕು. ಎರಡನೆಯ ಸಲ ತುಂಬುವಾಗ ಅದೇ ಹೆಸರಿನ ಬೇರೆ ಫೋಟೋ ಮೊದಲಿನದರ ಜಾಗದಲ್ಲಿ ಕೂತಿರಬೇಕು. ಮುಖ ಉಳಿಯಿತು, ಫೋಟೋ ಹೋಯಿತು.

"ರೇಣುಕಾ, ಫೋಟೋ ಹಾಕೂಮುಂದ ಏನರೆ ಕೇಳಿತ್ತೇನು? ಈ ಹೆಸರಿನ ಫೈಲು ಐತಿ, ಬದಲಿ ಮಾಡ್ಲೇನು ಅಂತ?"

"ಕೇಳಿರಬೇಕ್ರಿ. ಅದು ಏನ ಕೇಳಿದ್ರೂ ನಾ ಹೌದು ಒತ್ತತೇನಿ."

ನನಗೆ ಒಂದು ಕ್ಷಣ ಸಮಾಧಾನವಾಯಿತು. ಕಾರಣ ಸಿಕ್ಕಿತು. ಮರುಕ್ಷಣ ಆ ಕಾರಣ ಏನು ಹೇಳುತ್ತಿದೆ ಎಂದು ಹೊಳೆಯಿತು. ಹಾಗಾದರೆ ಈ ಮನುಷ್ಯ ನಿಜವಾಗಿ ಬಂದಿದ್ದ. ಆ ದಿನ, ಆ ಬಾಗಿಲಿನಲ್ಲಿ, ಮದುಮಕ್ಕಳು ಬಾಗಿಲಿಗೆ ಬೆನ್ನು ಮಾಡಿ, ಉಳಿದವರೆಲ್ಲ ಅವರನ್ನೇ ನೋಡುತ್ತ ಕೂತಿದ್ದಾಗ, ಬಂದು ನಿಂತಿದ್ದ. ಕ್ಯಾಮೆರಾ ಹಿಡಿದವನೂ ಅವನನ್ನು ನೋಡಲಿಲ್ಲ.

ರೇಣುಕಾ ಆಗಲೇ ಫೋನು ಹಚ್ಚಿದ್ದಳು. ಮೊದಲು ಕ್ಯಾಮೆರಾದ ಹುಡುಗರಿಗೆ. ಇಬ್ಬರೂ ಬೇರೆ ಕಾರ್ಯಕ್ಕಾಗಿ ಮೆಮರಿ ಕಾರ್ಡು ಖಾಲಿ ಮಾಡಿಕೊಂಡಿದ್ದರು. ಆಮೇಲೆ ತಾಯಿಗೆ.

ಅವರು ಬರುವುದರೊಳಗೆ ನಾನು ಇನ್ನೊಂದನ್ನು ಗಮನಿಸಿದೆ. ಮುದುಕನ ಮುಖದ ಚೌಕದ ಮೂಲೆಯಲ್ಲಿ ತೋರಣದ ಒಂದು ಎಲೆ ಬಂದಿತ್ತು. ತುದಿ ಮಡಚಿಕೊಂಡ ಎಲೆ. ಖಾಲಿ ಬಾಗಿಲಿನ ಫೋಟೋದಲ್ಲೂ ಅದೇ ಎಲೆ, ಅದೇ ಜಾಗದಲ್ಲಿ, ಅದೇ ಬಗೆಯಲ್ಲಿ ಮಡಚಿಕೊಂಡಿತ್ತು. ಬೇರೆ ಕ್ಯಾಮೆರಾ, ಬೇರೆ ಗಳಿಗೆ ಆಗಿದ್ದರೆ ಎಲೆ ಅಷ್ಟು ಕೂಡಿ ಬರುವುದಿಲ್ಲ. ಅಂದರೆ ಅದು ಒಂದೇ ಫೋಟೋ. ಒಂದರಲ್ಲಿ ಅವನಿದ್ದ, ಒಂದರಲ್ಲಿ ಇರಲಿಲ್ಲ. ನನ್ನ ಕಾರಣ ಅಲ್ಲಿಗೆ ಬಿದ್ದುಹೋಯಿತು. ಆದರೆ ರೇಣುಕಾಗೆ ಆ ಎಲೆಯ ನೆನಪೇ ಇಲ್ಲ. ಅವತ್ತು ನಾನು ಅದನ್ನು ನೋಡಿದೆನೋ, ಎಷ್ಟನೆಯದೋ ಸಲ ಹೇಳುವಾಗ ಸೇರಿಸಿದೆನೋ, ಆಣೆ ಮಾಡಿ ಹೇಳಲಾರೆ.

ಬಸಣ್ಣೆಪ್ಪ ಕಾರ್ಡಿನ ಕರಡು ಹಿಡಿದು ಅವರ ಮನೆಯಲ್ಲೇ ಇದ್ದನಂತೆ. ಇಬ್ಬರೂ ಒಟ್ಟಿಗೆ ಬಂದರು. ಶಾಂತಕ್ಕ ಕೋಣೆಯ ಹೊರಗೇ ನಿಂತಳು. ಬಸಣ್ಣೆಪ್ಪ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ. ನೋಡಿದವನು ಹಿಂದಕ್ಕೆ ಸರಿದು ನನ್ನ ಕುರ್ಚಿಯ ಬೆನ್ನು ಹಿಡಿದುಕೊಂಡ.

"ಇದು ನಮ್ಮಪ್ಪ" ಎಂದ.

"ದೊಡ್ಡಪ್ಪಾ, ಅಜ್ಜನ ಫೋಟೋ ಇಲ್ಲಂತಿದ್ದೆಲ್ಲ" ಎಂದಳು ರೇಣುಕಾ.

"ಇಲ್ಲವಾ. ಒಂದೂ ಇಲ್ಲ. ನಮ್ಮಪ್ಪ ಫೋಟೋ ತಗಿಸ್ಕೊಂಡಾವಲ್ಲ. ಕ್ಯಾಮೆರಾ ಕಂಡ್ರ ಎದ್ದ ಹೊಲಕ್ಕ ಹೋಗಾವ." ಅವನ ಧ್ವನಿ ಇಳಿಯಿತು. "ನೀ ಹುಟ್ಟೂಕಿಂತ ಮೊದಲ ಹೋಗ್ಯಾನ."

ಮಗನಿಗೆ ವಯಸ್ಸಾದರೆ ತಂದೆಯ ಮುಖ ಬರುತ್ತದೆ. ಇದು ನನಗೂ ಗೊತ್ತು, ಅವನಿಗೂ ಗೊತ್ತು. ಆಗ ಶಾಂತಕ್ಕ ಒಳಗೆ ಬಂದಳು. ಸೆರಗಿನಿಂದ ಕೈ ಒರೆಸಿಕೊಂಡು, ಪರದೆಯ ಹತ್ತಿರ ಬಂದು ನಿಂತಳು. ಎಷ್ಟು ಹೊತ್ತು ನೋಡಿದಳೋ. ಫ್ಯಾನಿನ ಸದ್ದು ಕೇಳುತ್ತಿತ್ತು ಎಂದು ನನ್ನ ನೆನಪು.

"ಸೊರಗ್ಯಾರ" ಎಂದಳು.

"ಯಾರು?" ಎಂದ ಬಸಣ್ಣೆಪ್ಪ.

ಅವಳು ಕೆಳಗಿನ ಗುಂಡಿಗಳನ್ನು ಅಕ್ಷರ ಕೂಡಿಸಿ ಓದಿಕೊಂಡಳು. ಆಮೇಲೆ ಬೆರಳನ್ನು ಪರದೆಯ ಗಾಜಿನ ಮೇಲೆ, ಹೌದು ಎಂಬ ಗುಂಡಿಯ ಮೇಲೆ ಇಟ್ಟಳು. ನನ್ನದು ಹಳೆಯ ಪರದೆ, ಮುಟ್ಟಿದರೆ ಅದಕ್ಕೇನೂ ತಿಳಿಯುವುದಿಲ್ಲ. ಒತ್ತುವುದಿದ್ದರೆ ನಾನೇ ಒತ್ತಬೇಕು. ಮೌಸ್ ನನ್ನ ಕೈಯಲ್ಲಿತ್ತು.

"ತಡೀರಿ ಅಕ್ಕೋರ" ಎಂದ ಬಸಣ್ಣೆಪ್ಪ. ನನಗೆ ಹೇಳಿದರೂ ಅವನು ನೋಡುತ್ತಿದ್ದುದು ಅವಳನ್ನು. "ಹೌದು ಅಂದ್ರ ಏನಾತು ತಿಳ್ಕೊ ಶಾಂತಾ. ಬದಕ್ಯಾನ ಅಂತಾತು. ಮಗಳ ನಿಶ್ಚೇಕ ಬಂದು, ಬಾಗಲದಾಗ ನಿಂತು, ಒಳಗ ಬರದ ತಿರಿಗಿ ಹೋಗ್ಯಾನ ಅಂತಾತು. ಅದನ್ನ ಹೊತ್ಕೊಂಡ ಹೆಂಗ ಅಡ್ಡಾಡ್ತಿ?"

"ಹೊತ್ತ ರೂಢಿ ಐತ್ರಿ ಭಾವಾರ. ಎಲಿ ಪೆಂಡಿ ನೀವೇನ ಹೊತ್ತಿಲ್ಲ."

"ಎವ್ವಾ, ಅದ ಬ್ಯಾರೆ ಇದ ಬ್ಯಾರೆ."

"ನೀವ ಅಪ್ಪ ಅಂದ್ರಿ. ನಾ ಏನರೆ ಅಂದ್ನೇನು?"

ಅವಳ ಬೆರಳು ಗಾಜಿನ ಮೇಲೆಯೇ ಇತ್ತು. ಬೆರಳಿನ ಸುತ್ತ ಗಾಜು ಮಂಜುಗಟ್ಟಿದಂತೆ ಮಬ್ಬಾಗಿತ್ತು. ಎಲ್ಲರೂ ನನ್ನ ಕೈ ನೋಡುತ್ತಿದ್ದರು. ಹೌದು ಒತ್ತಿದರೆ ಈ ಹೆಂಗಸು ಇನ್ನೆಷ್ಟು ವರ್ಷ ಕಾಯುತ್ತಾಳೋ. ಅಲ್ಲ ಒತ್ತಿದರೆ ಇವಳ ಹಣೆಯನ್ನು ನಾನೇ ಒರೆಸಿದ ಹಾಗೆ. ಫೋಟೋ ಜೋಡಿಸಲು ಮಾಡಿದ ಒಂದು ಸಾಮಾನ್ಯ ಪ್ರಶ್ನೆ. ಅದರ ಮಾತುಗಳನ್ನು ರಜೆಯಲ್ಲಿ ಕಡಲೆ ತಿನ್ನುತ್ತ ಬರೆದವಳು ನಾನು.

ಮುಂದೆ ಏನಾಯಿತು ಎಂಬುದರಲ್ಲಿ ನಮ್ಮ ನಾಲ್ವರ ನೆನಪೂ ಕೂಡಿಬರುವುದಿಲ್ಲ.

ನನ್ನ ನೆನಪಿನಲ್ಲಿ ನನ್ನ ಕೈ ಅಲುಗಲಿಲ್ಲ. ಶಾಂತಕ್ಕ ಬೆರಳನ್ನು ಸ್ವಲ್ಪ ಒತ್ತಿದಳು, ಪ್ರಶ್ನೆ ಹೋಯಿತು, ಅದರ ಜಾಗದಲ್ಲಿ ಯಾರೋ ಎರಡು ಕೂಸುಗಳ ಮುಖ ಬಂದವು. ರೇಣುಕಾ ಹೇಳುವಂತೆ ನಾನು ಗೊತ್ತಿಲ್ಲ ಒತ್ತಿದೆ. ನನ್ನ ತೋರುಬೆರಳು ಅಲುಗಿದ್ದನ್ನು ಅವಳು ಕಂಡಳು. ಬಸಣ್ಣೆಪ್ಪನ ಪ್ರಕಾರ ಕರೆಂಟು ಹೋಯಿತು, ಪರದೆ ಕಪ್ಪಾಯಿತು. ಶಾಂತಕ್ಕ ಮಾತ್ರ ಇದರ ಬಗ್ಗೆ ಏನೂ ಹೇಳುವುದಿಲ್ಲ. ಈ ಜಗಳ ಕೇಳಿ ನಮ್ಮ ಮನೆಯವರು ಒಂದು ಸಲ ಆಶ್ಚರ್ಯದಿಂದ ಅಂದರು, ಆ ರವಿವಾರ ಮಧ್ಯಾಹ್ನದಿಂದಲೇ ನಮ್ಮ ಭಾಗದಲ್ಲಿ ಕರೆಂಟೇ ಇರಲಿಲ್ಲ, ಸೆಕೆಗೆ ತಾವು ಅಂಗಡಿಯ ಕಟ್ಟೆಯ ಮೇಲೆ ಕೂತಿದ್ದುದು ಚೆನ್ನಾಗಿ ನೆನಪಿದೆ ಎಂದು. ಕರೆಂಟು ಹೋದರೆ ನನ್ನ ಯುಪಿಎಸ್ ಕಂಪ್ಯೂಟರನ್ನು ಸರಿಯಾಗಿ ಮುಚ್ಚುವಷ್ಟು ಹೊತ್ತು ಮಾತ್ರ ಬರುತ್ತದೆ. ಅವರು ಬೇರೆ ರವಿವಾರ ನೆನೆಯುತ್ತಿರಬಹುದು. ಅಥವಾ ನಾನು ಕೇಳಿದೆನೆನ್ನುವ ಫ್ಯಾನಿನ ಸದ್ದು ಆಮೇಲೆ ಬಂದು ಸೇರಿಕೊಂಡಿರಬಹುದು.

ಅವರೆಲ್ಲ ಹೋದ ಮೇಲೆ ನಾನು ಹುಡುಕಿದೆ. ಹೌದು ಆಗಿದ್ದರೆ ಆ ಮುಖ ಈರಪ್ಪನ ಗುಂಪಿನಲ್ಲಿ ಇರಬೇಕು. ಇರಲಿಲ್ಲ. ಅಲ್ಲ ಆಗಿದ್ದರೆ ಹೆಸರಿಲ್ಲದವರ ಗುಂಪಿನಲ್ಲಿ ಇರಬೇಕು. ಅಲ್ಲೂ ಇರಲಿಲ್ಲ. ಗೊತ್ತಿಲ್ಲ ಆಗಿದ್ದರೆ ಆ ಪ್ರಶ್ನೆ ಮತ್ತೆ ಬರಬೇಕು. ಬರಲಿಲ್ಲ. ಎಲ್ಲ ಮುಖಗಳನ್ನೂ ಅಳಿಸಿ ಮೊದಲಿನಿಂದ ಹುಡುಕಿಸಿದೆ. ಕೂಸುಗಳು ಬಂದವು, ಅತ್ತೆಯವರೂ ಕಂಬದ ಕಲ್ಲೂ ಮತ್ತೆ ಪಕ್ಕಪಕ್ಕದಲ್ಲಿ ಬಂದರು. ಮುದುಕ ಬರಲಿಲ್ಲ. ಕಡೆಗೆ ಕಾಗದ ಪೆನ್ಸಿಲ್ಲು ಹಿಡಿದು ನೆನಪಿನಿಂದ ಅವನನ್ನು ಬರೆಯಲು ಕೂತೆ. ನೂರಾರು ಮುಖ ಬರೆದ ಕೈ ಇದು. ಟವಲು ಬಂತು, ಗಡ್ಡ ಬಂತು, ಕಿವಿಯೂ ಬಂತು. ಆದರೆ ಬರೆದು ಮುಗಿಸಿ ನೋಡಿದರೆ ಅದು ನಾನು ವಯಸ್ಸು ಸೇರಿಸಿದ ಈರಪ್ಪ. ಪರದೆಯಿಂದ ನಮ್ಮನ್ನು ನೋಡಿದವನಲ್ಲ.

ಬಸಣ್ಣೆಪ್ಪ ನಮ್ಮ ಮನೆಯಿಂದ ಹೊರಟವನು ಸೀದಾ ಪ್ರೆಸ್ಸಿಗೆ ಹೋದನಂತೆ. ಕಾರ್ಡು ಬಂದಾಗ ನೋಡಿದೆ. ಶ್ರೀಮತಿ ಶಾಂತವ್ವ ಮತ್ತು ಶ್ರೀ ಈರಪ್ಪ ಇವರ ಸುಪುತ್ರಿ ಎಂದಿತ್ತು. ಹಾರದ ಮಾತು ನನಗೆ ಯಾರೂ ಮತ್ತೆ ಹೇಳಲಿಲ್ಲ, ನಾನೂ ಕೇಳಲಿಲ್ಲ. ಸುರಗಿಯ ದಿನ ಶಾಂತಕ್ಕ ನೂಲಿನ ಒಳಗೆ ಕೂತು ಮಗಳ ಕೆನ್ನೆಗೆ ಅರಿಷಿಣ ಹಚ್ಚಿದಳು. ಅವಳ ಕೈ ಗಡಿಬಿಡಿ ಮಾಡಲಿಲ್ಲ. ಹುಡುಗನ ಸೋದರತ್ತೆ ಅದನ್ನು ನೋಡಿ ಬಸಣ್ಣೆಪ್ಪನ ಹತ್ತಿರ ಬಂದು ಮೆಲ್ಲಗೆ ಕೇಳಿದಳು.

"ಬೀಗರು ಕಾಣವಲ್ರೆಲ್ರಿ?"

"ಊರಾಗಿಲ್ರಿ" ಎಂದ ಬಸಣ್ಣೆಪ್ಪ, ಅಡುಗೆಯವರ ಕಡೆ ನಡೆಯುತ್ತ.

ಮದುವೆ ಮುಗಿದ ಮೇಲೆ ಒಂದು ದಿನ ಶಾಂತಕ್ಕ ಎಲೆ ಕೊಡಲು ಬಂದು, ಹೋಗುವಾಗ ತಿರುಗಿ ನಿಂತಳು. "ಅಕ್ಕೋರ, ನೀವೂ ನೋಡಿದ್ರಿ, ಹೌದಲ್ರಿ?" ಎಂದಳು. ಅಷ್ಟರಲ್ಲಿ ನನಗೆ ಕಿವಿಯ ಮೇಲೂ ಎಲೆಯ ಮೇಲೂ ನಂಬಿಕೆ ಹೋಗಿತ್ತು. ಆದರೂ ನೋಡಿದೆ ಎಂದೆ. ಅದು ಸುಳ್ಳಲ್ಲ. ಏನು ನೋಡಿದೆ ಎಂದು ಅವಳು ಕೇಳಲಿಲ್ಲ.

ಮೊನ್ನೆ ರೇಣುಕಾಗೆ ಕುಬುಸ ಮಾಡಿದರು. ಬಸುರಿ ಮಗಳನ್ನು ತವರಿನಲ್ಲಿ ಕೂರಿಸಿ ಉಡಿ ತುಂಬುವ ಕಾರ್ಯ. ಚಿಕ್ಕ ಮನೆ, ತುಂಬ ಜನ. ಯಾರೋ ಒಬ್ಬ ಹೆಣ್ಣುಮಗಳು ಫೋನು ಹಿಡಿದು ರೇಣುಕಾಳ ಮುಖದ ಹತ್ತಿರ ಹೋಗಿ ಫೋಟೋ ತೆಗೆಯುತ್ತಿದ್ದಳು. ಶಾಂತಕ್ಕ ಆರತಿ ತಟ್ಟೆ ಹಿಡಿದವಳು ಅವಳ ಭುಜ ಮುಟ್ಟಿ, ಹಿಂದಕ್ಕೆ ಸರಿಸಿದಳು.

"ಸ್ವಲ್ಪ ಹಿಂದ ನಿಂದರವಾ. ಬಾಗಲಾ ಪೂರಾ ಬರ್ಲಿ."

ಬಾಗಿಲಿಗೆ ಅಡ್ಡ ಕೂತಿದ್ದ ಹೆಂಗಸರನ್ನೂ ಎಬ್ಬಿಸಿ ಬೇರೆ ಕಡೆ ಕೂರಿಸಿದಳು. ಯಾಕೆ ಎಂದು ಯಾರೂ ಕೇಳಲಿಲ್ಲ. ಗಾಳಿ ಬರಲಿ ಎಂದು ಇರಬೇಕು ಎಂದುಕೊಂಡರು.

ಆ ಫೋಟೋಗಳನ್ನೆಲ್ಲ ಶಾಂತಕ್ಕ ಪೆನ್ ಡ್ರೈವಿನಲ್ಲಿ ಹಾಕಿಸಿ ನನಗೆ ತಂದುಕೊಟ್ಟಿದ್ದಾಳೆ. ನಾನು ಕಂಪ್ಯೂಟರಿಗೆ ತುಂಬಿಟ್ಟಿದ್ದೇನೆ. ಮುಖ ಹುಡುಕುವ ಗುಂಡಿಯನ್ನು ಒತ್ತಿಲ್ಲ. ಎಲೆ ಕೊಡಲು ಬಂದಾಗ ಶಾಂತಕ್ಕ ಕೋಣೆಯ ಹೊರಗೆ ನಿಂತು ಕೇಳುತ್ತಾಳೆ.

"ನೋಡಿದ್ರೇನ್ರಿ ಅಕ್ಕೋರ?"

"ಇಲ್ಲ ಶಾಂತಕ್ಕ, ಇನ್ನೂ ನೋಡಿಲ್ಲ" ಎನ್ನುತ್ತೇನೆ.

"ಇರ್ಲಿ ಬಿಡ್ರಿ, ಅವಸರಿಲ್ಲ" ಎಂದು ಪೆಂಡಿ ತಲೆಗೇರಿಸಿ ಬಸ್‌ ನಿಲ್ದಾಣದ ಕಡೆ ಹೋಗುತ್ತಾಳೆ.